ಹೊಗೆಸೊಪ್ಪಿನ ಇ-ಹರಾಜು ಹೇಗಿದೆ? ಮೈಸೂರು ಕಡೆಯ ಬೆಳೆಗಾರ್ತಿಯೊಬ್ಬಳ ಅನುಭವ

ಅಪ್ಪನ ಹೊಗೆಸೊಪ್ಪಿನ ಲೈಸೆನ್ಸನ್ನು ತಮ್ಮ ಹೆಸರಿಗೆ ಮಾಡಿಸಿಕೊಂಡ ಹುಡುಗರು ಆಗಾಗ ಕೇಳುತ್ತಾರೆ, 'ಅಕ್ಕ, ಈ ಇ-ಹರಾಜನ್ನ ನಂಬಬಹುದಾ?' ನಂಬಬಹುದು. ಬ್ರೈಟ್ ಗ್ರೇಡಿನ, ಅಂದರೆ ತಿಳಿ ಹಳದಿ ಬಣ್ಣದ ಮೇಲ್ದರ್ಜೆ ಸೊಪ್ಪಿಗಂತೂ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ನಮಗೆ ಸಿಕ್ಕಿಲ್ಲ. ಕಂದು ಬಣ್ಣದ, ಮಚ್ಚೆ ಬಿದ್ದ ಲೋ ಗ್ರೇಡ್ ವಿಷಯಕ್ಕೆ ಬಂದರೆ ಮಾತ್ರ ನನಗೆ ಸಮಾಧಾನ ಇಲ್ಲ.

ಈ ಹರಾಜು ನಡೆಸುವ, ಕೇಂದ್ರ ಸರ್ಕಾರದ ತಂಬಾಕು ಮಂಡಳಿ ಶುರುವಾಗಿದ್ದು 1976ರಲ್ಲಿ. ಕರ್ನಾಟಕದಲ್ಲಿ ಹರಾಜು ಬಂದಿದ್ದು 1984ರಲ್ಲಿ. ಅದಕ್ಕೂ ಮೊದಲು ವ್ಯಾಪಾರಿ ಹೇಳಿದ್ದೇ ಬೆಲೆ, ದುಡ್ಡು ಯಾವಾಗ ಕೈಗೆ ಬರುತ್ತೋ ಗೊತ್ತಿರುತ್ತಿರಲಿಲ್ಲ ಅಂತ ಅಪ್ಪ ಹೇಳುತ್ತಿದ್ದರು. ಆಮೇಲೆ ಕೂಗಿ ಮಾಡುವ ಹರಾಜು ಬಂತು. ಈಗ ಖರೀದಿದಾರರ ಕೈಯಲ್ಲಿ ಪುಟ್ಟ ಯಂತ್ರ ಇರುತ್ತದೆ. ಬೇಲ್‌ಗಳ (ಸೊಪ್ಪಿನ ಮೂಟೆಗಳ) ಸಾಲಿನಲ್ಲಿ ನಡೆಯುತ್ತಾ ರೇಟು ಒತ್ತುತ್ತಾರೆ, ಜಾಸ್ತಿ ಒತ್ತಿದವರಿಗೆ ಬೇಲ್ ಹೋಗುತ್ತದೆ. ರೇಟು ಒಪ್ಪಿಗೆ ಆಗದಿದ್ದರೆ ಬೇಡ ಅನ್ನುವ ಹಕ್ಕು ನಮಗಿದೆ. ದುಡ್ಡು ನೇರ ಬ್ಯಾಂಕ್ ಖಾತೆಗೆ ಬರುತ್ತದೆ, ಸಾಲದ ಕಂತು ಅಲ್ಲೇ ಮುರಿದುಕೊಳ್ಳುತ್ತಾರೆ.

ಆದರೆ ಯಂತ್ರಕ್ಕಿಂತ ಮೊದಲು ಕೆಲಸ ಮಾಡುವುದು ಖರೀದಿದಾರರ ಕೈ. ಬೇಲಿನ ನಡುವಿಂದ ಒಂದು ಹಿಡಿ ಸೊಪ್ಪು ಎಳೆದು, ಬೆರಳಲ್ಲಿ ಉಜ್ಜಿ, ಮೂಸಿ ನೋಡುತ್ತಾರೆ. ಎಲೆಯ ದಂಟು ಪಟ್ಟಂತ ಮುರಿಯದೆ ಬಾಗಿದರೆ ತೇವ ಇದೆ ಅಂತ ಅರ್ಥ, ಅಲ್ಲಿಗೆ ರೇಟು ಇಳಿಯಿತು. ಅದಕ್ಕೇ ಹೇಳುವುದು, ಮನೆಯಲ್ಲಿ ಗ್ರೇಡಿಂಗ್ ಮಾಡುವ ಹೆಣ್ಮಕ್ಕಳ ಮಾತು ಕೇಳಿ. ನಿಂಬೆ ಬಣ್ಣದ ಎಲೆ ಯಾವುದು, ಮಚ್ಚೆ ಬಿದ್ದದ್ದು ಯಾವುದು ಅಂತ ಅವರಿಗೆ ಗೊತ್ತು. ಮೇಲೆ ಚೆಂದದ ಸೊಪ್ಪು ಇಟ್ಟು ಒಳಗೆ ಕಂದು ಸೊಪ್ಪು ತುಂಬಿದರೆ ಆ ಹಿಡಿಯಲ್ಲೇ ಸಿಕ್ಕಿಬೀಳುತ್ತೀರಿ.

ಇನ್ನು ನನ್ನ ತಕರಾರು. ಬ್ರೈಟ್ ಬೇಲ್ ಮುಂದೆ ನಾಲ್ಕು ಜನ ನಿಲ್ಲುತ್ತಾರೆ, ಲೋ ಗ್ರೇಡ್ ಮುಂದೆ ಒಬ್ಬರು ನಿಂತರೆ ಪುಣ್ಯ. ಯಾರೂ ರೇಟು ಒತ್ತದಿದ್ದರೆ 'ನೋ ಬಿಡ್'. ಗಾಡಿ ಬಾಡಿಗೆ ಕೊಟ್ಟು ತಂದ ಬೇಲನ್ನು ಮತ್ತೆ ಬಾಡಿಗೆ ಕೊಟ್ಟು ಮನೆಗೆ ಒಯ್ಯಬೇಕು. ಹಿಂದಿನ ಸೀಸನ್ ಕೊನೆಯಲ್ಲಿ ನನಗೆ ಆಗಿದ್ದು ಇದೇ. ನಮ್ಮದು ಮಳೆ ನಂಬಿದ ಬೆಳೆ. ಆಷಾಢ, ಶ್ರಾವಣದಲ್ಲಿ ಮಳೆ ಬಿಡದೆ ಸುರಿದರೆ ಲೋ ಗ್ರೇಡ್ ಜಾಸ್ತಿ ಆಗುತ್ತದೆ, ಅದು ರೈತರ ತಪ್ಪಲ್ಲ. ಒಂದು ಕೆಜಿ ಸೊಪ್ಪನ್ನು ಬೆಂಕಿಯ ಬಿಸಿಯಲ್ಲಿ ಒಣಗಿಸಿ ಹದ ಮಾಡಲು ನಾಲ್ಕೈದು ಕೆಜಿ ಸೌದೆ ಬೇಕು. ಬ್ರೈಟಿಗೆ ಒಂದು ಸೌದೆ, ಲೋ ಗ್ರೇಡಿಗೆ ಒಂದು ಸೌದೆ ಅಂತ ಇರುತ್ತಾ?

ದೇಶದ ಸರಾಸರಿ ನೋಡಿದರೆ ಎಲ್ಲವೂ ಚೆನ್ನಾಗಿದೆ ಅನಿಸುತ್ತದೆ. 2019-20ರಲ್ಲಿ ಕೆಜಿಗೆ 124 ರೂಪಾಯಿ ಇದ್ದ ವರ್ಜೀನಿಯಾ ತಂಬಾಕು, ಅಂದರೆ ನಾವು ಬೆಳೆಯುವ ಸೊಪ್ಪು, 2023-24ರಲ್ಲಿ 279 ರೂಪಾಯಿ ದಾಟಿತು. ನಿಜ, ನಮ್ಮ ಕಡೆ ಎಷ್ಟೋ ಮನೆಗಳ ಸಾಲ ತೀರಿತು. ಬೆಲೆ ಏರಲು ಹೊರದೇಶದ ಬೇಡಿಕೆಯೂ ಕಾರಣ. ಬ್ರೆಜಿಲ್, ಜಿಂಬಾಬ್ವೆಯಲ್ಲಿ ಬೆಳೆ ಕಡಿಮೆಯಾದರೆ ಹೊರದೇಶದ ಖರೀದಿದಾರರು ನಮ್ಮ ಬೇಲ್ ಕಡೆ ತಿರುಗುತ್ತಾರೆ, ಅಲ್ಲಿ ಬೆಳೆ ಬಂದರೆ ಇಲ್ಲಿ ಬೆಲೆ ಇಳಿಯುತ್ತದೆ. 2015ರಲ್ಲಿ ಬೆಲೆ ಕುಸಿದು ಆಂಧ್ರದಲ್ಲೂ ನಮ್ಮಲ್ಲೂ ರೈತರು ಜೀವ ಕಳೆದುಕೊಂಡರು. ಅದನ್ನ ಮರೆಯೋಕಾಗಲ್ಲ.

ಅದಕ್ಕೇ ಮಂಡಳಿ ಪ್ರತಿ ವರ್ಷ ಗೊತ್ತು ಮಾಡುವ ಬೆಳೆ ಮಿತಿ (ಕೋಟಾ) ನನಗೆ ಈ ವ್ಯವಸ್ಥೆಯ ಮುಖ್ಯ ಭಾಗ ಅನಿಸುವುದು. ಈಚಿನ ವರ್ಷಗಳಲ್ಲಿ ಕರ್ನಾಟಕಕ್ಕೆ ಸುಮಾರು 10 ಕೋಟಿ ಕೆಜಿ ಕೊಡುತ್ತಿದ್ದಾರೆ. ಕೋಟಾ ಸಾಲದು ಅಂತ ನಮ್ಮೂರಲ್ಲಿ ಗೊಣಗದವರಿಲ್ಲ. ಆದರೆ 2025ರಲ್ಲಿ ಆಂಧ್ರದಲ್ಲಿ ಎಚ್‌ಡಿ ಬರ್ಲಿ ಅನ್ನುವ ಇನ್ನೊಂದು ಬಗೆಯ ತಂಬಾಕು ಬೆಳೆದವರ ಪಾಡು ನೋಡಿ. ಆ ತಳಿಗೆ ಈ ಕೋಟಾನೂ ಇಲ್ಲ, ಈ ಹರಾಜೂ ಇಲ್ಲ. ಹಿಂದಿನ ವರ್ಷದ ಒಳ್ಳೆಯ ಬೆಲೆ ನಂಬಿ ಎಲ್ಲರೂ ನೆಟ್ಟರು, ಕಂಪನಿಗಳು ಪೂರ್ತಿ ಕೊಳ್ಳಲಿಲ್ಲ. ಕೊನೆಗೆ ರಾಜ್ಯ ಸರ್ಕಾರವೇ ಮಾರ್ಕ್‌ಫೆಡ್ (ರಾಜ್ಯದ ಸಹಕಾರ ಮಾರಾಟ ಮಹಾಮಂಡಳ) ಮೂಲಕ ಖರೀದಿಗೆ ಇಳಿಯಬೇಕಾಯಿತು. ಇದನ್ನು ಕಂಡ ಮೇಲೆ ಕೋಟಾ ಬೇಡ ಅನ್ನುವವರ ಜೊತೆ ನಾನು ಸೇರುವುದಿಲ್ಲ. ಬೆಲೆ ಚೆನ್ನಾಗಿರುವ ವರ್ಷ ಲೈಸೆನ್ಸ್ ಇಲ್ಲದವರ ಸೊಪ್ಪನ್ನೂ ದಂಡವಿಲ್ಲದೆ ಕೊಳ್ಳಲು ಬಿಡುವುದು ನನಗೆ ಸರಿ ಕಾಣುವುದಿಲ್ಲ. ಮುಂದಿನ ವರ್ಷ ಅವರೂ ಇನ್ನಷ್ಟು ನೆಡುತ್ತಾರೆ, ಆಗ ಮೊದಲು ಬಿಡ್ ಸಿಗದೆ ಉಳಿಯುವುದು ಲೋ ಗ್ರೇಡ್.

ಬೆಳೆಗಾರರ ನೋಂದಣಿಯ ಅವಧಿಯನ್ನು ಒಂದು ವರ್ಷದಿಂದ ಮೂರು ವರ್ಷಕ್ಕೆ ಏರಿಸಿದ್ದು ಒಳ್ಳೆಯ ಕೆಲಸ, ಓಡಾಟ ತಪ್ಪಿತು. ಅದೇ ರೀತಿ ಲೋ ಗ್ರೇಡಿಗೂ ಇಷ್ಟಕ್ಕಿಂತ ಕಡಿಮೆ ಇಲ್ಲ ಅನ್ನುವ ಒಂದು ಬೆಲೆಯನ್ನು ಸೀಸನ್ ಶುರುವಿನಲ್ಲೇ ಹೇಳಿದರೆ, ಯಾವ ಸೊಪ್ಪಿಗೆ ಎಷ್ಟು ಸೌದೆ ಸುಡಬೇಕು ಅಂತ ನಾವೇ ಲೆಕ್ಕ ಹಾಕಿಕೊಳ್ಳುತ್ತೇವೆ.

ಅಲ್ಲಿಯವರೆಗೆ ನನ್ನ ಸಲಹೆ ಇಷ್ಟೇ: ಲೋ ಗ್ರೇಡನ್ನು ಕೊನೆಗೆ ಅಂತ ಕೂಡಿಡಬೇಡಿ. ಖರೀದಿದಾರರಿಗೆ ಇನ್ನೂ ಸರಕು ಬೇಕಿರುವಾಗಲೇ, ಬ್ರೈಟ್ ಬೇಲ್‌ಗಳ ಜೊತೆ ಒಂದೊಂದಾಗಿ ಇಳಿಸಿಬಿಡಿ.