ಘಾಟಿಯಲ್ಲಿ ಓಡುವ ಕಾರಿಗೆ ಗಟ್ಟಿ ಎಂಜಿನ್ ಮೌಂಟಿಂಗ್: ಪೂರ್ತಿ ಸೆಟ್ ಬೇಡ, ಕೆಳಗಿನದೊಂದು ಸಾಕು

ಮೊದಲೇ ಹೇಳಿಬಿಡುತ್ತೇನೆ. ಮೌಂಟಿಂಗ್ ಅಂದರೆ ಎಂಜಿನ್ನನ್ನು ಕಾರಿನ ಬಾಡಿಗೆ ಹಿಡಿದಿಡುವ ರಬ್ಬರಿನ ಆಸರೆ. ಕೊಡಗಿನ ರಸ್ತೆಯಲ್ಲಿ ದಿನಾ ಓಡಿಸುವ ಜೋರು ಕಾರಿಗೆ ಗಟ್ಟಿ ಮೌಂಟಿಂಗ್ ಹಾಕಬೇಕು ಅನ್ನಿಸಿದರೆ, ಡಾಗ್‌ಬೋನ್ ಎನ್ನುವ ಕೆಳಗಿನ ಮೌಂಟಿಂಗ್‌ಗೆ ಒಂದು ಪಾಲಿಯುರೆಥೇನ್ ಇನ್ಸರ್ಟ್, ಅಂದರೆ ರಬ್ಬರಿಗಿಂತ ಗಟ್ಟಿಯಾದ ಒಂದು ಪ್ಲಾಸ್ಟಿಕ್ ತುಂಡು, ಹಾಕಿಸಿ. ಅಲ್ಲಿಗೆ ನಿಲ್ಲಿಸಿ. ಎಂಜಿನ್ ಪಕ್ಕದ್ದು, ಗೇರ್‌ಬಾಕ್ಸ್ ಪಕ್ಕದ್ದು ಕಾರಿನ ಜೊತೆ ಬಂದದ್ದೇ ಇರಲಿ. ಮೂರೂ ಪಾಲಿಯುರೆಥೇನ್ ಇರುವ ಪೂರ್ತಿ 'ಪಾಲಿ' ಸೆಟ್ಟನ್ನೂ ಹಾಕಿ ಒಂದು ಮಳೆಗಾಲ, ಒಂದು ಚಳಿಗಾಲ ಓಡಿಸಿದ್ದೇನೆ. ಈಗ ಅದು ನನ್ನ ಕಾರಿನಲ್ಲಿಲ್ಲ.

ನನ್ನದು ಸ್ಕೋಡಾ ಆಕ್ಟೇವಿಯಾ ಆರ್‌ಎಸ್, 2017ರಲ್ಲಿ ಬಂದ 230 ಕುದುರೆಶಕ್ತಿಯದ್ದು. ಎರಡು ಲೀಟರ್ ಟರ್ಬೋ ಪೆಟ್ರೋಲ್, ಆರು ಗೇರಿನ ಡಿಎಸ್‌ಜಿ, ಅಂದರೆ ಒಳಗೆ ಎರಡು ಕ್ಲಚ್ ಇರುವ ಆಟೋಮ್ಯಾಟಿಕ್ ಗೇರ್‌ಬಾಕ್ಸ್. ಹಿಂದಿನ ಸೀಟಿನಲ್ಲಿ ಮೂರು ಜನ ಕೂರುವ ಗಾಡಿ ಸ್ಪೋರ್ಟ್ಸ್ ಕಾರು ಹೇಗಾಗುತ್ತೆ ಅಂತ ಕೆಲವರು ಕೇಳುತ್ತಾರೆ. ಸಂಪಾಜೆಯಿಂದ ಮಡಿಕೇರಿಗೆ ಒಮ್ಮೆ ಹತ್ತಿಸಿದವರು ಕೇಳುವುದಿಲ್ಲ.

ತೊಂದರೆ ಶುರುವಾದದ್ದು ಏರಿನಲ್ಲಿ. ನಮ್ಮ ತೋಟದ ದಾರಿ ಮುಖ್ಯ ರಸ್ತೆಗೆ ಸೇರುವ ಕಡೆ ಒಳ್ಳೆ ಏರು, ಮಳೆಗಾಲದಲ್ಲಿ ಮೇಲೆಲ್ಲ ಒದ್ದೆ ಎಲೆ. ಬಸ್ಸು, ಜೀಪು ಬರುವ ಮುಂಚೆ ಬೇಗ ಹೊರಬೀಳೋಣ ಅಂತ ಎಕ್ಸಲೇಟರ್ ಒತ್ತಿದರೆ ಮುಂದಿನ ಚಕ್ರ ಜಾರುವ ಬದಲು ದಡದಡ ಕುಣಿಯುತ್ತಿತ್ತು. ಸ್ಟಿಯರಿಂಗ್ ಕೈಯಲ್ಲಿ ಒದೆಯುತ್ತಿತ್ತು. ತಿರುವಿನ ಮಧ್ಯೆ ಎಕ್ಸಲೇಟರ್ ಬಿಟ್ಟು ಮತ್ತೆ ಒತ್ತಿದಾಗ ಕೆಳಗಿನಿಂದ ಒಂದು 'ಧಡ್'. ಗ್ಯಾರೇಜಿನ ಹುಡುಗ ಬಾನೆಟ್ ತೆರೆದು ನೋಡಿ, "ಅಣ್ಣ, ಕೆಳಗಿನ ಮೌಂಟಿಂಗ್ ಸಡಿಲ ಆಗಿದೆ, ಎಂಜಿನ್ ಎದ್ದು ಕೂರ್ತದೆ" ಅಂದ. ರಬ್ಬರ್ ಎಂದಮೇಲೆ ಸವೆಯುತ್ತದೆ. ಅದರಲ್ಲಿ ಯಾರ ತಪ್ಪೂ ಇಲ್ಲ.

ಯಾವ ಮೌಂಟಿಂಗ್ ಏನು ಮಾಡುತ್ತದೆ ಎಂದು ತಿಳಿದರೆ ಮುಂದಿನ ಮಾತೆಲ್ಲ ಸುಲಭ. ಇಂಥ ಕಾರಿನಲ್ಲಿ ಎಂಜಿನ್ ಅಡ್ಡ ಕೂತಿರುತ್ತದೆ. ಅದರ ಭಾರವನ್ನು ಹೊರುವುದು ಮೇಲಿನ ಎರಡು. ಒಂದು ಎಂಜಿನ್ ಪಕ್ಕ, ಇನ್ನೊಂದು ಗೇರ್‌ಬಾಕ್ಸ್ ಪಕ್ಕ. ಮೂರನೆಯದು ಡಾಗ್‌ಬೋನ್. ಅದು ಗೇರ್‌ಬಾಕ್ಸಿನ ತಳದಿಂದ ಸಬ್‌ಫ್ರೇಮಿಗೆ, ಅಂದರೆ ಕಾರಿನ ತಳದ ಉಕ್ಕಿನ ಚೌಕಟ್ಟಿಗೆ, ಹೋಗುವ ಒಂದು ಗಿಡ್ಡ ತೋಳು. ಭಾರ ಹೊರುವುದಿಲ್ಲ, ಎಂಜಿನ್ ಹಿಂದಕ್ಕೂ ಮುಂದಕ್ಕೂ ತಿರುಗದ ಹಾಗೆ ಹಿಡಿಯುತ್ತದೆ ಅಷ್ಟೇ. ಈ ಎಂಜಿನ್ 350 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ತಿರುಗಿಸುವ ಬಲ, ಕೊಡುತ್ತದೆ. ಮೊದಲ ಗೇರಿನಲ್ಲಿ ಅದು ಚಕ್ರಕ್ಕೆ ತಲುಪುವಾಗ ಹತ್ತು ಪಟ್ಟಿಗೂ ಜಾಸ್ತಿ ಆಗಿರುತ್ತದೆ. ಚಕ್ರ ಮುಂದಕ್ಕೆ ತಿರುಗಲು ಎಷ್ಟು ಜೋರು ಬೇಕೋ ಅಷ್ಟೇ ಜೋರಿನಲ್ಲಿ ಎಂಜಿನ್ ಹಿಂದಕ್ಕೆ ತಿರುಗಲು ನೋಡುತ್ತದೆ. ಆ ಹೊಡೆತದ ದೊಡ್ಡ ಪಾಲು ಈ ಗಿಡ್ಡ ತೋಳಿನ ತುದಿಯ ರಬ್ಬರ್ ಬುಷ್ ಮೇಲೆ ಬೀಳುತ್ತದೆ. ಹಾಗಾಗಿ ಕುಣಿತ, 'ಧಡ್', ಗೇರ್ ಬದಲಾಗುವಾಗಿನ ಜರ್ಕ್, ಈ ಮೂರಕ್ಕೂ ಮೊದಲು ನೋಡಬೇಕಾದ್ದು ಇಲ್ಲೇ.

ಕಾರಿನ ಜೊತೆ ಬಂದಂಥದ್ದೇ ಹೊಸ ಮೌಂಟಿಂಗ್ ಹಾಕಿಸಿದರೆ? ಹೊಸದರಲ್ಲಿ ಚೆನ್ನಾಗಿರುತ್ತದೆ. ಕಾರು ಮೊದಲ ದಿನದ ಹಾಗಾಗುತ್ತದೆ. ಆರಾಮವಾಗಿ ಓಡಿಸುವವರಿಗೆ ಇದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ನನಗೆ ಸಾಲಲಿಲ್ಲ. ಆ ಬುಷ್‌ನಲ್ಲಿ ಬೇಕೆಂದೇ ಖಾಲಿ ಜಾಗ ಬಿಟ್ಟಿರುತ್ತಾರೆ, ರಬ್ಬರ್ ಮೆತ್ತಗೆ ಆಡಲಿ ಅಂತ. ಘಾಟಿಯ ತಿರುವಿನಲ್ಲಿ ಆ ಆಟವೇ ನನ್ನ ಕಾಲಿಗೂ ಚಕ್ರಕ್ಕೂ ನಡುವೆ ಬರುತ್ತಿತ್ತು.

ಇನ್ಸರ್ಟ್ ಆ ಖಾಲಿ ಜಾಗದಲ್ಲೇ ಹೋಗಿ ಕೂರುತ್ತದೆ. ಅಂಗೈ ಅಗಲದ ಒಂದು ಪಾಲಿ ತುಂಡು. ಕೈಯಲ್ಲಿ ಹಿಡಿದಾಗ ಇಷ್ಟಕ್ಕೆ ಇಷ್ಟು ದುಡ್ಡಾ ಅನ್ನಿಸುತ್ತದೆ. ಹಾಕಿಸಿದ ಮೇಲೆ ಜೋಡುಪಾಲದಿಂದ ಮದೆನಾಡಿನ ಕಡೆಗೆ ಹತ್ತುವಾಗ ನನಗೆ ಅರ್ಥವಾಯಿತು. ತಿರುವಿನಿಂದ ಹೊರಗೆ ಬರುತ್ತಾ ಕಾಲು ಒತ್ತಿದ ಕೂಡಲೇ ಕಾರು ಎಳೆಯುತ್ತದೆ. ಮೊದಲು ಎಂಜಿನ್ ಹಿಂದಕ್ಕೆ ವಾಲಿ, ಆಮೇಲೆ ಕಾರು ಹೊರಡುತ್ತಿತ್ತು. ಆ ಒಂದು ಚೂರು ಕಾಯುವಿಕೆ ಹೋಯಿತು. ಎರಡರಿಂದ ಮೂರಕ್ಕೆ ಗೇರ್ ಬೀಳುವುದು ಶುದ್ಧವಾಯಿತು. ಒದ್ದೆ ಏರಿನಲ್ಲಿ ಚಕ್ರ ಈಗಲೂ ಜಾರುತ್ತದೆ, ಆದರೆ ಕುಣಿಯುವುದಿಲ್ಲ. ಜಾರಿದ್ದು ತಿಳಿಯುತ್ತದೆ, ಕಾಲು ಸಡಿಲಿಸಿದರೆ ಹಿಡಿತ ಸಿಗುತ್ತದೆ. ನನಗೆ ಬೇಕಿದ್ದದ್ದು ಇದೇ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದ ರಸ್ತೆ ಅದು. ಅಲ್ಲಿ ಸುಮ್ನೆ ವೇಗ ಮಾಡುವವನು ನಾನಲ್ಲ. ಕಾರು ಹೇಳಿದ ಮಾತು ಕೇಳಬೇಕು, ಅಷ್ಟೇ.

ವೈಬ್ರೇಶನ್? ಇದೆ. ನಿಂತಲ್ಲಿ ಸೀಟಿಗೆ ಸ್ವಲ್ಪ ಬರುತ್ತದೆ, ಮೊದಲ ವಾರಗಳಲ್ಲಿ ಜಾಸ್ತಿ. ಪಾಲಿ ಒಮ್ಮೆ ಒತ್ತಡಕ್ಕೆ ಹೊಂದಿಕೊಂಡ ಮೇಲೆ ಕಡಿಮೆಯಾಗುತ್ತದೆ. ಈಗ ನಾನು ಗಮನ ಕೊಟ್ಟರೆ ಮಾತ್ರ ಗೊತ್ತಾಗುತ್ತದೆ.

ಇಷ್ಟು ಚೆನ್ನಾಗಿದ್ದರೆ ಮೂರನ್ನೂ ಗಟ್ಟಿ ಮಾಡಿದರೆ ಇನ್ನೂ ಚೆನ್ನ ಅಲ್ವಾ? ಹಾಗೆ ಅನ್ನಿಸುವುದು ಸಹಜ, ನನಗೂ ಅನ್ನಿಸಿತು. ಹೊರದೇಶದಿಂದ ಪೂರ್ತಿ ಪಾಲಿ ಸೆಟ್ ತರಿಸಿದೆ. ಮೈಸೂರಿನಲ್ಲಿ ಲಿಫ್ಟ್ ಇರುವ ಗ್ಯಾರೇಜಿನಲ್ಲಿ ಹಾಕಿಸಿದೆ. ವಾಪಸ್ ಬರುವಾಗ ಹುಣಸೂರು, ಪಿರಿಯಾಪಟ್ಟಣ ದಾಟಿ ಕುಶಾಲನಗರದವರೆಗೆ ಖುಷಿಯೋ ಖುಷಿ. ಗೇರು ಟಕ್ ಟಕ್ ಅಂತ ಬೀಳುತ್ತಿತ್ತು. ಎಂಜಿನ್ ಸದ್ದು ಮೈಗೇ ತಾಗುತ್ತಿತ್ತು.

ಗುಡ್ಡೆಹೊಸೂರಿನ ಹತ್ತಿರ ಟ್ರಾಫಿಕ್ ನಿಂತಿತ್ತು. ವಾರಾಂತ್ಯ, ದುಬಾರೆಗೆ ಹೋಗುವವರ ಕಾರುಗಳ ಸಾಲು. ಅಲ್ಲಿ ಬ್ರೇಕ್ ಹಿಡಿದು ನಿಂತಾಗ ಇಡೀ ಕಾರು ನಡುಗಲು ಶುರುವಾಯಿತು. ಸ್ಟಿಯರಿಂಗ್ ಮಾತ್ರ ಅಲ್ಲ. ಸೀಟು, ಬಾಗಿಲು, ಕಾಲ ಕೆಳಗಿನ ನೆಲ, ಎಲ್ಲ. ಹಿಂದಿನ ಗಾಡಿಯ ಹೆಡ್‌ಲೈಟ್ ಕನ್ನಡಿಯಲ್ಲಿ ಎರಡೆರಡಾಗಿ ಕಂಡಿತು. ಎಲ್ಲೋ ಒಂದು ಪ್ಲಾಸ್ಟಿಕ್ ಜಿರ್ ಅನ್ನುತ್ತಿತ್ತು. ಹುಡುಕಿದರೆ ಡ್ಯಾಶ್‌ಬೋರ್ಡಿನ ಒಳಗೆ. ಅದಕ್ಕೆ ಸ್ಪಂಜು ತುಂಬಿಸಿದೆ. ಮರುದಿನ ನಂಬರ್ ಪ್ಲೇಟ್ ಶುರು ಮಾಡಿತು. ಅದಕ್ಕೆ ಹಿಂದೆ ಅಂಟುಪಟ್ಟಿ ಹಾಕಿದೆ. ಆಮೇಲೆ ಬಾಗಿಲ ಪಾಕೆಟ್.

ಕಾರಣ ತಿಳಿದ ಮೇಲೆ ಸ್ಪಂಜು ತುಂಬುವುದು ಬಿಟ್ಟೆ. ನಾಲ್ಕು ಸಿಲಿಂಡರಿನ ಎಂಜಿನ್ ಪ್ರತಿ ಸುತ್ತಿನಲ್ಲೂ ಎರಡು ಸಲ ಉರಿದು ಹೊಡೆಯುತ್ತದೆ. ಐಡ್ಲಿಂಗ್, ಅಂದರೆ ನಿಂತಲ್ಲಿ ಎಂಜಿನ್ ಓಡುವ ವೇಗ, ನಿಮಿಷಕ್ಕೆ 750 ಸುತ್ತು ಇದ್ದರೆ ಸೆಕೆಂಡಿಗೆ 25 ಹೊಡೆತ. ಮೌಂಟಿಂಗ್ ಮೇಲೆ ಕೂತ ಎಂಜಿನ್ನಿಗೆ ತನ್ನದೇ ಒಂದು ತೂಗಾಟದ ಲಯ ಇರುತ್ತದೆ. ಕಾರು ಮಾಡುವವರು ಅದನ್ನು ಈ 25ಕ್ಕಿಂತ ಸಾಕಷ್ಟು ಕೆಳಗೆ ಇಟ್ಟಿರುತ್ತಾರೆ. ಆಗ ಹೊಡೆತ ಬಾಡಿಗೆ ದಾಟುವುದಿಲ್ಲ. ಮೌಂಟಿಂಗ್ ಗಟ್ಟಿ ಮಾಡಿದಷ್ಟೂ ಆ ಲಯ ಮೇಲೇರುತ್ತಾ 25ರ ಹತ್ತಿರ ಬರುತ್ತದೆ. ಎರಡೂ ಹತ್ತಿರವಾದರೆ ನಡುಕ ಕಡಿಮೆಯಾಗುವ ಬದಲು ಜಾಸ್ತಿಯೇ ಆಗುತ್ತದೆ. ಅದಕ್ಕೇ 1200 ಸುತ್ತು ದಾಟಿದರೆ ಎಲ್ಲ ಮಾಯ, ನಿಂತಲ್ಲಿ ಮಾತ್ರ ನರಕ. ಅಲ್ಲದೆ ಎಂಜಿನ್ ಪಕ್ಕದ ಅಸಲಿ ಮೌಂಟಿಂಗ್ ಬರೀ ರಬ್ಬರ್ ಅಲ್ಲ. ಅದರೊಳಗೆ ದ್ರವ ತುಂಬಿದ ಎರಡು ಕೋಣೆಗಳು, ನಡುವೆ ಸಣ್ಣ ದಾರಿ. ಸಣ್ಣ ನಡುಕಕ್ಕೆ ಮೆತ್ತಗೆ, ದೊಡ್ಡ ಕುಲುಕಿಗೆ ಗಟ್ಟಿ. ಅಂಥದ್ದನ್ನು ತೆಗೆದು ಒಂದು ಪಾಲಿ ಉಂಡೆ ಇಟ್ಟರೆ ಆ ಜಾಣತನವೆಲ್ಲ ಹೋಯಿತು.

ಬಯಲುಸೀಮೆಯಲ್ಲಿದ್ದರೆ ಸಹಿಸುತ್ತಿದ್ದೆನೋ ಏನೋ. ನಮ್ಮ ಹವೆಯಲ್ಲಿ ಆಗಲಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಜಿಗೆ ಮಂಜು ಕಟ್ಟುತ್ತದೆ, ಎಸಿ ಹಾಕದೆ ಮುಂದಿನ ರಸ್ತೆ ಕಾಣುವುದಿಲ್ಲ. ಎಸಿ ಹಾಕಿದರೆ ಕಂಪ್ರೆಸರಿನ ಭಾರ ಎಂಜಿನ್ ಮೇಲೆ, ನಡುಕ ಇನ್ನಷ್ಟು. ನಿಲ್ಲಿಸುವ ಹಾಗಿಲ್ಲ, ಹಾಕುವ ಹಾಗಿಲ್ಲ. ಡಿಸೆಂಬರ್ ಬಂದರೆ ಬೇರೆ ಕಥೆ. ಚಳಿಗೆ ಪಾಲಿ ಇನ್ನೂ ಗಟ್ಟಿಯಾಗುತ್ತದೆ. ಬೆಳಿಗ್ಗೆ ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿ, ಶೆಡ್ಡಿನಿಂದ ಏರಿಗೆ ರಿವರ್ಸ್ ತೆಗೆಯುವಾಗ ಕ್ಲಚ್ ಅರ್ಧ ಹಿಡಿದಿರುತ್ತದೆ. ಆಗ ಬರುವ ಗುಂಯ್ ಸದ್ದಿಗೆ ಮನೆಯ ಒಳಗಿದ್ದವರು ಹೊರಗೆ ಬಂದು ನೋಡುತ್ತಿದ್ದರು. ಅಮ್ಮನನ್ನು ವಿರಾಜಪೇಟೆಗೆ ಕರೆದುಕೊಂಡು ಹೋದಾಗ ಮೂರ್ನಾಡು ಬರುವ ಮುಂಚೆಯೇ, "ಏನೋ ಇದು, ಗಾಡಿ ಹಿಂಗೆ ನಡುಗ್ತದೆ? ನನ್ನ ಬೆನ್ನು ಜುಂ ಅಂತದೆ" ಅಂದರು. ಬರುವಾಗ ಬಸ್ಸಿಗೆ ಬರ್ತೇನೆ ಅಂತ ಹಠ ಹಿಡಿದರು. ಅಮ್ಮ ಕೂರಲು ಒಪ್ಪದ ಕಾರು ನಮ್ಮ ಮನೆಯಲ್ಲಿ ನಡೆಯುವುದಿಲ್ಲ.

ಸಾಫ್ಟ್‌ವೇರಿನಲ್ಲಿ ಐಡ್ಲಿಂಗ್ ಸ್ವಲ್ಪ ಏರಿಸಿ ಎಂಬ ಸಲಹೆಯೂ ಬಂತು. ಅದು ಕೆಲಸ ಮಾಡುತ್ತದೆ, ಹೊಡೆತದ ಲೆಕ್ಕ ಮೇಲೆ ಹೋಗುತ್ತದೆ. ಆದರೆ ಒಂದು ಬಿಡಿಭಾಗಕ್ಕಾಗಿ ಎಂಜಿನ್ನಿನ ಸೆಟ್ಟಿಂಗ್ ಬದಲಿಸುವುದು ನನಗೆ ಸರಿ ಕಾಣಲಿಲ್ಲ.

ನ್ಯಾಯವಾಗಿ ಹೇಳಬೇಕೆಂದರೆ, ಪೂರ್ತಿ ಸೆಟ್ಟಿನಲ್ಲಿ ಕಾರು ತಿರುವಿಗೆ ಇಳಿಯುವ ರೀತಿ ಇನ್ನೂ ಒಂದು ಕೈ ಮೇಲು. ಒಂದಾದ ಮೇಲೊಂದು ಎಡಬಲ ತಿರುವು ಬರುವಾಗ ಎಂಜಿನ್ನಿನ ತೂಕ ತಡವಾಗಿ ಹೊರಳುವುದಿಲ್ಲ. ಚಿಕ್ಕಪ್ಪನ ಮಗ ಆ ಸೆಟ್ ತೆಗೆದುಕೊಂಡ. ಅವನದ್ದೂ ಇದೇ ಎಂಜಿನ್ನಿನ ಗಾಡಿ, ಆಟೋಕ್ರಾಸ್ ಎಂಬ ಕಾರು ಸ್ಪರ್ಧೆಗೆಂದೇ ಇಟ್ಟದ್ದು, ಒಳಗೆ ಹಿಂದಿನ ಸೀಟೇ ಇಲ್ಲ. ಅವನಿಗೆ ಅದು ಬಂಗಾರ.

ಅವನ ಹತ್ತಿರ ಇನ್ನೊಂದು ಪ್ರಯೋಗವೂ ನೋಡಿದೆ. ಗೇರ್‌ಬಾಕ್ಸ್ ಪಕ್ಕಕ್ಕೆ ಪಾಲಿ ಅಲ್ಲದ, ಗಟ್ಟಿ ರಬ್ಬರಿನ ಮೌಂಟಿಂಗ್. ನಡುಕ ಬಹಳ ಕಡಿಮೆ, ಗೇರ್ ಬೀಳುವುದು ಚೆನ್ನ. ದುಡ್ಡು ಜಾಸ್ತಿ ಇದ್ದರೆ ಡಾಗ್‌ಬೋನ್ ಇನ್ಸರ್ಟ್ ಜೊತೆ ಇದೊಂದನ್ನು ಸೇರಿಸಬಹುದು. ನಾನು ಸೇರಿಸಿಲ್ಲ.

ಹಳೆ ಮೌಂಟಿಂಗ್ ಒಳಗೆ ಗಾಜು ಅಂಟಿಸುವ ಪಾಲಿಯುರೆಥೇನ್ ಪೇಸ್ಟ್ ತುಂಬುವ ಉಪಾಯ ಕೆಲವು ಗ್ಯಾರೇಜುಗಳಲ್ಲಿ ಇದೆ. ಅಗ್ಗ, ಒಣಗಲು ಪುರುಸೊತ್ತು ಕೊಟ್ಟರೆ ಕೆಲ ಕಾಲ ನಡೆಯುತ್ತದೆ. ಎಣ್ಣೆ ಹಿಡಿದ ಹಳೆ ರಬ್ಬರಿಗೆ ಮಾತ್ರ ಅಂಟುವುದಿಲ್ಲ. ದ್ರವ ತುಂಬಿದ ಮೌಂಟಿಂಗ್‌ಗೆ ಈ ಕೆಲಸ ಬೇಡವೇ ಬೇಡ.

ಅಲ್ಯೂಮಿನಿಯಂನ ಸಾಲಿಡ್ ಮೌಂಟಿಂಗ್ ರೇಸ್ ಟ್ರ್ಯಾಕಿಗೆ, ಊರಿಗಲ್ಲ.

ಕೊಳ್ಳುವಾಗ ಬಣ್ಣ ನೋಡಬೇಡಿ, ಗಡಸುತನ ಕೇಳಿ. ಅದನ್ನು ಶೋರ್ ಎ ಅಂತ ಅಳೆಯುತ್ತಾರೆ. ಅಸಲಿ ರಬ್ಬರ್ ಸಾಮಾನ್ಯವಾಗಿ 50ರಿಂದ 60. ರಸ್ತೆಗೆ ಮಾಡಿದ ಪಾಲಿ 70, 80ರ ಆಸುಪಾಸು. ರೇಸಿನದ್ದು 95ರವರೆಗೂ ಇದೆ. ನನ್ನದು ಆ ಸಾಲಿನಲ್ಲಿ ಮೆತ್ತನೆಯದು, ನಿಮಗೂ ಅದನ್ನೇ ಹೇಳುತ್ತೇನೆ. ಇನ್ಸರ್ಟ್ ನನ್ನ ಕೈಗೆ ಬಂದಾಗ ಎಂಟು ಸಾವಿರದ ಒಳಗಿತ್ತು. ಪೂರ್ತಿ ಸೆಟ್ ಸುಂಕ, ಕೊರಿಯರ್ ಸೇರಿ ಐವತ್ತು ಸಾವಿರದ ಹತ್ತಿರ ಹೋಯಿತು. ಆ ವ್ಯತ್ಯಾಸದ ದುಡ್ಡಿಗೆ ನಾಲ್ಕು ಒಳ್ಳೆ ಟೈರ್ ಹಾಕಿಸುವುದು ಮೇಲು. ಮಳೆಯಲ್ಲಿ ಅದರಷ್ಟು ಉಪಕಾರ ಬೇರೆ ಯಾವುದೂ ಮಾಡುವುದಿಲ್ಲ.

ಹಾಕಿಸುವಾಗ ಪಕ್ಕದಲ್ಲೇ ನಿಂತುಕೊಳ್ಳಿ. ಡಾಗ್‌ಬೋನ್ ಬೋಲ್ಟುಗಳು ಬಿಗಿದಾಗ ಹಿಗ್ಗುವ ಜಾತಿಯವು. ಒಮ್ಮೆ ಬಿಚ್ಚಿದರೆ ಹೊಸದೇ ಹಾಕಬೇಕು. ಟಾರ್ಕ್ ರೆಂಚಿನಲ್ಲಿ ಬಿಗಿದ ಮೇಲೆ ಕಾರು ಮಾಡುವವರು ಹೇಳಿದ ಕೋನದಷ್ಟು ಇನ್ನೂ ತಿರುಗಿಸಬೇಕು. ಮೇಲಿನ ಮೌಂಟಿಂಗ್ ಮುಟ್ಟುವುದಾದರೆ ಎಂಜಿನ್ನಿನ ತಳಕ್ಕೆ ಮರದ ತುಂಡಿಟ್ಟು ಜಾಕ್ ಕೊಡಲೇಬೇಕು.

ಅದಕ್ಕೂ ಮುಂಚೆ ನಿಮ್ಮ ಹಳೆಯದು ನಿಜವಾಗಿ ಹೋಗಿದೆಯಾ ನೋಡಿಸಿ. ಹರಿದ ಬುಷ್ ಮೇಲೆ ಇನ್ಸರ್ಟ್ ಹಾಕಿದರೆ ದುಡ್ಡು ದಂಡ, ಹೊಸ ಬುಷ್ ಹಾಕಿಯೇ ಇನ್ಸರ್ಟ್ ಕೂರಿಸಬೇಕು. ಬಾನೆಟ್ ತೆರೆದು, ಹ್ಯಾಂಡ್‌ಬ್ರೇಕ್ ಎಳೆದು, ಬ್ರೇಕ್ ಪೂರ್ತಿ ಒತ್ತಿ ಹಿಡಿದು ಡಿ ಮತ್ತು ಆರ್ ನಡುವೆ ಬದಲಿಸಿ. ಇನ್ನೊಬ್ಬರು ಪಕ್ಕದಿಂದ ನೋಡಲಿ, ಕಾರಿನ ಮುಂದೆಯೂ ಬೇಡ, ಹಿಂದೆಯೂ ಬೇಡ. ಎಂಜಿನ್ ಸ್ವಲ್ಪ ಅಲುಗಿದರೆ ಸರಿ. ಎದ್ದು ಬಿದ್ದು ಸದ್ದು ಮಾಡಿದರೆ ಬುಷ್ ಹರಿದಿದೆ.