4 ಮೀಟರ್ ರೌಂಡ್ ಟಾರ್ಪಾಲಿನ್ ಟ್ಯಾಂಕ್: ಒಂದು ಬ್ಯಾಚ್ ತಿಲಾಪಿಯಾ ಬೆಳೆಸಿ ಆದ್ಮೇಲೆ ಬರೀತಿದೀನಿ

ತಗೊಂಡ ವಾರಕ್ಕೇ ರಿವ್ಯೂ ಹಾಕೋದು ಬೇಡ, ಮರಿ ಬಿಟ್ಟು ಮೀನು ಹಿಡಿಯೋವರೆಗೂ ನೋಡೋಣ ಅಂತ ಸುಮ್ನಿದ್ದೆ. ಈಗ ಒಂದು ಬ್ಯಾಚ್ ಪೂರ್ತಿ ಮುಗೀತು. ನಾನು ತಗೊಂಡಿದ್ದು 4 ಮೀಟರ್ ವ್ಯಾಸದ್ದು, ಗೋಡೆ 1.5 ಮೀಟರ್ ಎತ್ತರ, ಸುತ್ತ ಕಬ್ಬಿಣದ ಮೆಶ್, ಒಳಗೆ ನೀಲಿ ಟಾರ್ಪಾಲಿನ್, ನಡುಮಧ್ಯೆ ಡ್ರೈನ್. ಪಕ್ಕದಲ್ಲೇ ನನ್ನ ಹಳೇ ಆಯತಾಕಾರದ ಸಿಮೆಂಟ್ ತೊಟ್ಟಿ ಇದೆ, ಎರಡಕ್ಕೂ ಹೆಚ್ಚುಕಮ್ಮಿ ಒಂದೇ ಅಳತೆ ನೀರು, ಅದಕ್ಕೇ ಒಂದೇ ಲಾಟ್ ಮರಿ ಎಣಿಸಿ ಅರ್ಧರ್ಧ ಬಿಟ್ಟು ಒಂದೇ ಫೀಡನ್ನ ತೂಕ ಮಾಡಿ ಹಾಕ್ತಾ ಬಂದೆ.

ರೌಂಡ್ ಟ್ಯಾಂಕಿನ ಮೀನು ತೂಕ ಜಾಸ್ತಿ ಬಂತು, ನಿಜ. ಆದ್ರೆ ನಂಗೆ ಅದಕ್ಕಿಂತ ಖುಷಿ ಕೊಟ್ಟಿದ್ದು ಎಲ್ಲಾ ಮೀನೂ ಒಂದೇ ಸೈಜಿಗೆ ಬಂದಿದ್ದು. ಸಿಮೆಂಟ್ ತೊಟ್ಟೀಲಿ ನೀರು ಬೀಳೋ ಕಡೆ ನಾಲ್ಕೈದು ದೊಡ್ಡವು ಜಾಗ ಹಿಡ್ಕೊಂಡು ಬೇರೆಯವನ್ನ ಓಡಿಸ್ತಿದ್ವು, ಫೀಡ್ ಬಿದ್ದ ತಕ್ಷಣ ಅವೇ ತಿಂದು, ತೊಟ್ಟಿಯ ಆಚೆ ತುದೀಲಿ ಉಳಿದ ಸಣ್ಣವು ಸಣ್ಣವಾಗೇ ಉಳಿದ್ವು. ರೌಂಡಲ್ಲಿ ನೀರು ತಿರುಗ್ತಾ ಇರೋದ್ರಿಂದ ಫೀಡಿನ ಪೆಲೆಟ್ಟೂ ತೇಲ್ಕೊಂಡು ಸುತ್ತ ಹೋಗುತ್ತೆ, ಕಾವಲು ಕಾಯೋಕೆ ಒಂದು ಮೂಲೆ ಅಂತ ಇಲ್ವೇ ಇಲ್ಲ. ಬೆಳಗಿನ ಜಾವ ಆಮ್ಲಜನಕ ಅಳೆಯೋ ಮೀಟರನ್ನ ನೀರಿಗೆ ಬಿಟ್ಟು ನೋಡಿದ್ರೆ ಸಿಮೆಂಟ್ ತೊಟ್ಟೀಲಿ ಗಾಳಿ ಗುಳ್ಳೆ ಬಿಡೋ ಏರ್ ಸ್ಟೋನ್ ಹತ್ರ ಆಮ್ಲಜನಕ ಲೀಟರಿಗೆ 5 ಮಿಲಿಗ್ರಾಂ, ಆಚೆ ಮೂಲೇಲಿ 3. ರೌಂಡಲ್ಲಿ ಎಲ್ಲಿಟ್ರೂ 5ರ ಆಸುಪಾಸು. ಆಮ್ಲಜನಕ ಕಮ್ಮಿ ಆದ್ರೆ ಮೀನು ತಿನ್ನೋದು ಕಮ್ಮಿ ಮಾಡುತ್ತೆ, ನಾವು ಹಾಕಿದ ಫೀಡ್ ಅಲ್ಲೇ ಕೊಳೆತು ಅಮೋನಿಯಾ ಆಗುತ್ತೆ.

ಕಸದ ವಿಷಯ ಹೇಳ್ಲೇಬೇಕು. ಒಂದು ಲೋಟ ನೀರಿಗೆ ಚಿಟಿಕೆ ಮರಳು ಹಾಕಿ ಚಮಚದಲ್ಲಿ ತಿರುವಿ ಬಿಡಿ, ಮರಳೆಲ್ಲ ತಳದ ಮಧ್ಯಕ್ಕೆ ಬಂದು ಗುಡ್ಡೆ ಆಗುತ್ತೆ. ಟ್ಯಾಂಕಲ್ಲಿ ಆಗೋದೂ ಅದೇ, ತಳಕ್ಕೆ ತಾಗೋ ನೀರು ಉಜ್ಜಿ ನಿಧಾನ ಆಗಿ ಒಳಮುಖವಾಗಿ ಹರಿಯುತ್ತೆ, ಹಿಕ್ಕೆ, ತಿನ್ನದೆ ಉಳಿದ ಫೀಡು ಎಲ್ಲ ಡ್ರೈನ್ ಹತ್ರ ತಂದು ಹಾಕುತ್ತೆ, ಬೆಳಿಗ್ಗೆ ವಾಲ್ವ್ ಸ್ವಲ್ಪ ಹೊತ್ತು ತೆಗೆದ್ರೆ ಕಪ್ಪು ನೀರು ಹೋಗಿ ಆಯ್ತು. ಸಿಮೆಂಟ್ ತೊಟ್ಟಿ ಮೂಲೇಲಿ ಇದೇ ಕಸ ಕೂತು ಕೊಳೆತ ಮೊಟ್ಟೆ ವಾಸನೆ ಬರ್ತಿತ್ತು, ಬ್ರಷ್ ಹಿಡ್ಕೊಂಡು ಇಳೀಬೇಕು, ಇಳಿದ ದಿನ ಮೀನು ಬೆದರಿ ಫೀಡ್ ಮುಟ್ತಿರ್ಲಿಲ್ಲ.

ಇಷ್ಟೆಲ್ಲ ಒಳ್ಳೇದು ಪೆಟ್ಟಿಗೆ ಬಿಚ್ಚಿ ಜೋಡಿಸಿದ ದಿನವೇ ಸಿಕ್ಕಿದ್ದಲ್ಲ, ನನ್ನ ಬೇಜಾರು ಇರೋದೇ ಅಲ್ಲಿ. ಕೊಟ್ಟಿದ್ದ ನೀರಿನ ಪೈಪು ಸೀದಾ ಟ್ಯಾಂಕ್ ಮಧ್ಯಕ್ಕೆ ಬೀಳೋ ಹಂಗಿತ್ತು, ಹಂಗೆ ಬಿಟ್ರೆ ನೀರು ತಿರುಗೋದೇ ಇಲ್ಲ. ಒಂದು ಎಲ್ಬೋ (ಪೈಪಿನ ಬಾಗಿದ ಜೋಡಣೆ ತುಂಡು) ಹಾಕಿ ಗೋಡೆ ಗುಂಟ ಹೋಗೋ ಹಂಗೆ ತಿರುಗಿಸ್ದೆ. ಡ್ರೈನ್ ಬಾಯಿಯ ಬಳೆ ತಳಕ್ಕಿಂತ ಒಂದು ಬೆರಳು ಮೇಲೆ ನಿಂತಿತ್ತು, ಕಸ ಬಂದು ಅದರ ಸುತ್ತ ಉಂಗುರ ಕಟ್ಕೊಂಡು ಕೂರ್ತಿತ್ತು, ಒಳಗೆ ಹೋಗ್ತಿರ್ಲಿಲ್ಲ. ಪೂರ್ತಿ ಖಾಲಿ ಮಾಡಿ, ಟಾರ್ಪಾಲಿನ್ ಎತ್ತಿ, ಕೆಳಗೆ ಮರಳು ತುಂಬಿ ಮಧ್ಯಕ್ಕೆ ಇಳಿಜಾರು ಮಾಡಿ ಬಳೆಯನ್ನ ತಗ್ಗಿಗೆ ಇಳಿಸಿದ ಮೇಲೇ ಸರಿ ಆಗಿದ್ದು. ಮೆಶ್‌ನ ತಂತಿ ತುದಿಗಳಿಗೆ ಯಾವ ಮುಚ್ಚಳನೂ ಇಲ್ಲ, ಒಳಗೆ ಫೋಮ್ ಹಾಕ್ಲಿಲ್ಲ ಅಂದ್ರೆ ಟಾರ್ಪಾಲಿನ್ ತೂತಾಗುತ್ತೆ.

ಇನ್ನೊಂದು, ಗೋಡೆ 1.5 ಮೀಟರ್ ಇದೆ ಅಂತ ಅಂಚಿನವರೆಗೆ ತುಂಬಿದ ಲೆಕ್ಕದಲ್ಲಿ ಸುಮಾರು 19 ಸಾವಿರ ಲೀಟರ್ ಅಂತ ಮಾರ್ತಾರೆ. ಹಂಗೆ ತುಂಬ್ಬೇಡಿ. ವ್ಯಾಸ ಆಳದ 5ರಿಂದ 10 ಪಟ್ಟು ಇದ್ರೆ ಕಸ ಚೆನ್ನಾಗಿ ಮಧ್ಯಕ್ಕೆ ಬರುತ್ತೆ, 3 ಪಟ್ಟಿಗಿಂತ ಕಮ್ಮಿ ಆದ್ರೆ ಕಷ್ಟ. ನಾನು 1 ಮೀಟರ್ ನಿಲ್ಲಿಸ್ದೆ, ಅಂದ್ರೆ 12,500 ಲೀಟರ್, ಮೇಲಿನ ಗೋಡೆ ಮೀನು ಹಾರದೇ ಇರೋಕೂ ಬೇಕು.

ನೀರಿನ ಓಟ ನೋಡೋಕೆ ಗೋಡೆ ಹತ್ರ ಒಂದು ಎಲೆ ಬಿಟ್ಟೆ, ಒಂದು ಸುತ್ತು ಸುಮಾರು 12.5 ಮೀಟರ್, ಒಂದು ನಿಮಿಷಕ್ಕೆ ಸುತ್ತಿ ಬಂತು, ಸೆಕೆಂಡಿಗೆ 20 ಸೆಂಟಿಮೀಟರ್ ಆಯ್ತು. ಬೆಳೆದ ತಿಲಾಪಿಯಾಗೆ ಇದು ಸಾಕು. ಮರಿಗೆ ಅಲ್ಲ ನೋಡಿ, ಮೊದಲ ವಾರ ಇದೇ ಓಟ ಇಟ್ಟಿದ್ದೆ, ಪಾಪ ಮರಿಗಳು ಎದುರು ಈಜಿ ಈಜಿ ಸುಸ್ತಾಗಿ ಸೊರಗಿದ್ವು, ವಾಲ್ವ್ ಅರ್ಧಕ್ಕಿಂತ ಕಮ್ಮಿ ಮಾಡಿದ್ಮೇಲೆ ಚೇತರಿಸ್ಕೊಂಡ್ವು.

ಹಿಡಿಯೋದ್ರಲ್ಲಿ ಸಿಮೆಂಟ್ ತೊಟ್ಟೀನೇ ಮೇಲು, ಬಲೆ ಒಂದು ತುದಿಯಿಂದ ಎಳ್ಕೊಂಡು ಹೋದ್ರೆ ಮುಗೀತು. ರೌಂಡಲ್ಲಿ ನೀರು ಇಳಿಸಿ ಕೈಬಲೇಲಿ ಹಿಡಿಯೋಕೆ ಅರ್ಧ ದಿನ ಹೋಯ್ತು.

5ಕ್ಕೆ 3 ಕೊಡ್ತೀನಿ. ಆಕಾರಕ್ಕೆ ಪೂರ್ತಿ ಮಾರ್ಕು, ಕಮ್ಮಿ ಮಾಡಿದ್ದು ಡ್ರೈನಿಗೆ, ಪೈಪಿಗೆ. ತಗೊಳ್ಳೋರು ದುಡ್ಡು ಕೊಡೋಕೆ ಮುಂಚೆ ಡ್ರೈನ್ ಕೂರೋ ಜಾಗದ ಫೋಟೋ ಹತ್ತಿರದಿಂದ ತೆಗೆಸಿ ತರಿಸ್ಕೊಳ್ಳಿ.