ಎಳೆಮಗುವಿನ ಹಿಯರಿಂಗ್ ಏಡ್ ಕಿಟ್: ಮುಖ್ಯವಾದ ವಸ್ತುವೇ ಡಬ್ಬಿಯಲ್ಲಿಲ್ಲ

ಎಳೆಮಗುವಿಗೆ ಕಿವಿಯ ಹಿಂದೆ ಕೂರುವ ಡಿಜಿಟಲ್ ಹಿಯರಿಂಗ್ ಏಡ್ ಕೊಂಡಾಗ ಅಂಗಡಿಯವರು ಜೊತೆಗೊಂದು ಆರೈಕೆ ಕಿಟ್ ಕೊಡುತ್ತಾರೆ. ಇದು ದಕ್ಷಿಣ ಬೆಂಗಳೂರಿನ ಒಂದು ಅಂಗಡಿಯ ಕಿಟ್. ಸೆಲ್ ಟೆಸ್ಟರ್, ಗಾಳಿ ಊದುವ ರಬ್ಬರ್ ಬುಂಡೆ, ತೇವ ಹೀರುವ ಡಬ್ಬಿ, ಅಂಗಿಗೆ ಸಿಕ್ಕಿಸುವ ದಾರದ ಕ್ಲಿಪ್, 13ನೇ ನಂಬರಿನ ಆರು ಸೆಲ್, ಒಂದು ಕನ್ನಡ ಕರಪತ್ರ ಇವೆ. ಸಾಮಾನು ಗಟ್ಟಿಮುಟ್ಟಾಗಿದೆ. ಆದರೆ ಸ್ಟೆಥೊಕ್ಲಿಪ್ ಇಲ್ಲ. ಡಾಕ್ಟರ ಸ್ಟೆತಾಸ್ಕೋಪಿನಂತೆ ನಮ್ಮ ಕಿವಿಗೆ ಹಾಕಿಕೊಂಡು ಏಡ್‌ನಿಂದ ಬರುವ ಸದ್ದನ್ನು ಕೇಳುವ ನಳಿಗೆ ಅದು. ಅದಿಲ್ಲದ ಕಿಟ್ ಅರ್ಧ ಕಿಟ್.

ಯಾಕೆಂದರೆ ಎಂಟು ತಿಂಗಳ ಕೂಸು 'ಇದು ಕೇಳಿಸ್ತಿಲ್ಲ' ಅಂತ ಹೇಳುವುದಿಲ್ಲ. ಸೆಲ್ ಸತ್ತ ಏಡ್ ಕಿವಿಗೆ ಹಾಕಿದ ಬಿರಡೆ ಅಷ್ಟೇ, ಮೊದಲು ಕೇಳುತ್ತಿದ್ದ ಅಷ್ಟಿಷ್ಟೂ ನಿಂತುಹೋಗುತ್ತದೆ. ಆ ವಯಸ್ಸಿನ ದಿನಗಳು ಮತ್ತೆ ಸಿಗುವುದೂ ಇಲ್ಲ. ಮನೋವಿಜ್ಞಾನಿಗಳಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ತೋರಿಸಿದ್ದು ಇದನ್ನೇ: ಇಂಗ್ಲಿಷ್ ಮನೆಗಳ ಕೂಸುಗಳು 6–8 ತಿಂಗಳಲ್ಲಿ ಹಿಂದಿಯ 'ತ', 'ಟ' ವ್ಯತ್ಯಾಸ ಗುರುತಿಸುತ್ತಿದ್ದವು. ಕಿವಿಗೆ ಬೀಳದ ಕಾರಣ ವರ್ಷ ತುಂಬುವ ಹೊತ್ತಿಗೆ ಆ ಶಕ್ತಿ ಬಹುಪಾಲು ಕುಂದಿತ್ತು. ನಮ್ಮ ಕನ್ನಡದಲ್ಲಿ ತಟ್ಟೆಗೂ ಅದೇ ತ, ಅದೇ ಟ.

ಬೆಳಗಿನ ಪರೀಕ್ಷೆಗೆ ಐದು ನಿಮಿಷ ಸಾಕು. ಮೊದಲು ಸೆಲ್. ಇವು ಗಾಳಿಯಿಂದ ನಡೆಯುವ ಜಿಂಕ್ ಸೆಲ್‌ಗಳು. ಸ್ಟಿಕ್ಕರ್ ಕಿತ್ತ ಮೇಲೆ ಎರಡರಿಂದ ಐದು ನಿಮಿಷ ಹಾಗೇ ಬಿಟ್ಟು ಆಮೇಲೆ ಹಾಕಬೇಕು. ಸ್ಟಿಕ್ಕರ್ ಮತ್ತೆ ಅಂಟಿಸಿದರೆ ಆಯಸ್ಸು ಹಿಂದಿರುಗುವುದಿಲ್ಲ. ಕೊನೆಯವರೆಗೂ ವೋಲ್ಟೇಜ್ ಹೆಚ್ಚು ಇಳಿಯದೆ ನಿಂತು ಒಮ್ಮೆಲೇ ಕುಸಿಯುವುದರಿಂದ, ಟೆಸ್ಟರ್ ಬೆಳಿಗ್ಗೆ 'ಸರಿ' ಅಂದ ಸೆಲ್ ಮಧ್ಯಾಹ್ನ ಸಾಯಬಹುದು. ಜೇಬಿನಲ್ಲಿ ಇನ್ನೊಂದು ಇರಲಿ. ಸೆಲ್ ಬಾಗಿಲಿಗೆ ಮಕ್ಕಳು ತೆಗೆಯಲಾಗದ ಲಾಕ್ ಇದೆಯೇ ಅಂತ ಕೊಳ್ಳುವಾಗಲೇ ನೋಡಿ. ಸೆಲ್ ನುಂಗಿದ ಅನುಮಾನ ಬಂದರೂ ಕಾಯದೆ ಆಸ್ಪತ್ರೆಗೆ ಓಡಬೇಕು.

ಆಮೇಲೆ ಸ್ಟೆಥೊಕ್ಲಿಪ್ ಹಾಕಿಕೊಂಡು ಏಡ್‌ನ ಮೈಕಿನ ಹತ್ತಿರ ಮಾಮೂಲಿ ದನಿಯಲ್ಲಿ ಆರು ಸದ್ದು ಹೇಳಿ: ಮ್, ಊ, ಆ, ಈ, ಶ್, ಸ್. ಕರಕರ ಅಂದರೆ, ಕಡಿದು ಕಡಿದು ಬಂದರೆ, ಮಗುವಿನ ಕಿವಿಯೊಳಗೆ ಕೂರುವ ಅಚ್ಚಿನ ಕೊಳವೆಯಲ್ಲಿ ನೀರಹನಿ ಇದೆಯೇ ನೋಡಿ. ಅಚ್ಚನ್ನು ಏಡ್‌ನಿಂದ ಬಿಡಿಸಿಕೊಂಡೇ ಬುಂಡೆಯಿಂದ ಊದಬೇಕು, ಏಡ್‌ಗೆ ಊದಬಾರದು. ಮಗುವಿಗೆ ಹಾಕಿದ ಮೇಲೆ ಬಾಯಿ ಕಾಣದಂತೆ ಪಕ್ಕದಿಂದ ಅದೇ ಆರು ಸದ್ದು ಹೇಳಿ. ಕಣ್ಣು ಮಿಟುಕಿಸುವುದು, ಹಾಲು ಚೀಪುವುದನ್ನು ಒಂದು ಕ್ಷಣ ನಿಲ್ಲಿಸುವುದು, ತಲೆ ತಿರುಗಿಸುವುದು, ಇವೇ ಅದರ ಉತ್ತರ. ಶ್‌ಗೆ ತಿರುಗುವ ಮಗು ದಿನವೂ ಸ್‌ಗೆ ತಿರುಗದಿದ್ದರೆ ಆಡಿಯಾಲಜಿಸ್ಟ್‌ಗೆ, ಅಂದರೆ ಶ್ರವಣ ತಜ್ಞರಿಗೆ ತೋರಿಸಿ.

ಎಲ್ಲಕ್ಕಿಂತ ಹೆಚ್ಚು ಗೋಳು ಕಿವಿಯ ಅಚ್ಚಿನದು. ಮೊದಲ ವರ್ಷದಲ್ಲಿ ಕಿವಿ ಬೇಗ ಬೆಳೆಯುವುದರಿಂದ ಕೆಲವು ವಾರ, ಹೆಚ್ಚೆಂದರೆ ಕೆಲವು ತಿಂಗಳಿಗೊಮ್ಮೆ ಹೊಸ ಅಚ್ಚು ಬೇಕು. ಅಚ್ಚು ಸಡಿಲವಾದರೆ ಸದ್ದು ಹೊರಗೆ ಸೋರಿ ಮತ್ತೆ ಮೈಕಿಗೆ ಹೋಗಿ ಏಡ್ ಕುಯ್ಯ್ ಎನ್ನುತ್ತದೆ. ಆ ಕಿರಿಕಿರಿಗೆ ಮನೆಯವರು ವಾಲ್ಯೂಮ್ ತಗ್ಗಿಸುತ್ತಾರೆ. ತಗ್ಗಿಸಿದರೆ ಮೆಲ್ಲಗಿನ ಸದ್ದುಗಳೇ ಮೊದಲು ಮಾಯ, 'ಮನೆಗೆ', 'ಮನೆಯಿಂದ' ಎಂಬಲ್ಲಿ ಪದದ ಕೊನೆಗೆ ಮೆತ್ತಗೆ ಬೀಳುವ ಪ್ರತ್ಯಯಗಳೂ ಹೋಗುತ್ತವೆ. ಕುಲಾವಿ ಕಟ್ಟಿದಾಗಲೂ ಇದೇ ಕುಯ್ಯ್. ಮೈಕ್ ಮುಚ್ಚದ ತೆಳು ಬಟ್ಟೆಯ ಕುಲಾವಿ ಆರಿಸಿ. ಎಣ್ಣೆ ಸ್ನಾನದ ದಿನ ಕಿವಿಯ ಸುತ್ತ ಪೂರ್ತಿ ಒರೆಸಿದ ಮೇಲೆಯೇ ಹಾಕಿ, ಕಿವಿಯೊಳಗೆ ಎಣ್ಣೆ ಬಿಡುವುದಂತೂ ಬೇಡವೇ ಬೇಡ. ಬೆಂಗಳೂರಿನ ಮಳೆಗಾಲಕ್ಕೆ ತೇವ ಹೀರುವ ಡಬ್ಬಿ ನಿಜಕ್ಕೂ ಬೇಕು. ರಾತ್ರಿ ಸೆಲ್ ಹೊರತೆಗೆದು, ಬಾಗಿಲು ತೆರೆದೇ ಏಡನ್ನು ಅದರಲ್ಲಿಡಿ.

ಫಿಟ್ಟಿಂಗ್ ಬಗ್ಗೆ ಒಂದೇ ಮಾತು. ಕೂಸಿನ ಕಿವಿನಾಳ ಚಿಕ್ಕದಾದ್ದರಿಂದ ಅದೇ ಸದ್ದು ಅದರೊಳಗೆ ಇನ್ನೂ ಜೋರಾಗುತ್ತದೆ, ಆದ್ದರಿಂದ ಮಗುವಿನ ಕಿವಿಯನ್ನೇ ಅಳೆದು ಹೊಂದಿಸಿದ್ದಾರೆಯೇ ಅಂತ ಕೇಳಿ. ದಿನಕ್ಕೆ ಎಷ್ಟು ಗಂಟೆ ಹಾಕಿದೆ ಎಂಬ ಲೆಕ್ಕ ಬಹುತೇಕ ಡಿಜಿಟಲ್ ಏಡ್‌ಗಳಲ್ಲಿ ದಾಖಲಾಗಿರುತ್ತದೆ, ಪ್ರತಿ ಭೇಟಿಯಲ್ಲೂ ಅದನ್ನು ತೋರಿಸಲು ಹೇಳಿ.

ಇನ್ನು ಆ ಕರಪತ್ರ. ಅದರಲ್ಲಿ 'ಮಗುವಿನ ಜೊತೆ ಸನ್ನೆ ಮಾಡಬೇಡಿ' ಅಂತ ದಪ್ಪಕ್ಷರದಲ್ಲಿದೆ. ಈ ಸಾಲನ್ನು ಕಿತ್ತುಹಾಕಬೇಕು. ಏಡ್ ಸದ್ದನ್ನು ಕೊಡುತ್ತದೆ, ಭಾಷೆಯನ್ನು ಮನೆಯವರೇ ಕೊಡಬೇಕು. ತೀವ್ರ ಕಿವುಡಿನಲ್ಲಿ ಎಷ್ಟೇ ಒಳ್ಳೆ ಏಡ್ ಇದ್ದರೂ ಮಾತಿನ ಎಷ್ಟೋ ಸದ್ದು ತಲುಪದೇ ಹೋಗಬಹುದು. ಭಾಷೆ ಸಿಗದಿದ್ದರೆ ಇನ್ನೊಬ್ಬರ ಮನಸ್ಸಿನಲ್ಲಿ ಏನಿದೆ ಅಂತ ಊಹಿಸುವುದೂ ತಡವಾಗುತ್ತದೆ. ಒಂದು ಉದಾಹರಣೆ: ಅಜ್ಜಿ ಚಕ್ಕುಲಿ ಡಬ್ಬಿಯನ್ನು ಅಟ್ಟದ ಮೇಲಿಟ್ಟು ಹೋದರು, ಅಮ್ಮ ಅದನ್ನು ಕಪಾಟಿಗೆ ಇಟ್ಟರು, ಅಜ್ಜಿ ಬಂದು ಎಲ್ಲಿ ಹುಡುಕುತ್ತಾರೆ? ನಾಲ್ಕೈದು ವರ್ಷದ ಮಗು 'ಅಟ್ಟದ ಮೇಲೆ' ಎನ್ನುತ್ತದೆ. 'ಅಲ್ಲೇ ಇದೆ ಅಂತ ಅಜ್ಜಿ ಅಂದುಕೊಂಡಿದ್ದಾರೆ' ಎಂಬಂಥ ಮಾತು ಸುತ್ತಮುತ್ತ ದಕ್ಕಿದ್ದೂ ಅದಕ್ಕೆ ಅದು ತಿಳಿಯಲು ಒಂದು ಮುಖ್ಯ ಕಾರಣ. ಸನ್ನೆ ಭಾಷೆ ಆಡುವ ಕಿವುಡ ತಂದೆತಾಯಿಯ ಕಿವುಡ ಮಕ್ಕಳು ಇಂಥ ಪ್ರಶ್ನೆಗೆ ಕೇಳುವ ಮಕ್ಕಳ ವಯಸ್ಸಿನಲ್ಲೇ ಉತ್ತರಿಸುತ್ತಾರೆ. ಯಾವ ಭಾಷೆಯೂ ತಡವಾಗಿ ಸಿಕ್ಕ ಮಕ್ಕಳು ಹಿಂದೆ ಬೀಳುತ್ತಾರೆ. ಸನ್ನೆ ನೋಡುತ್ತ ಬೆಳೆಯುವ ಕೂಸುಗಳು ಕೈಯಲ್ಲೇ ತೊದಲುತ್ತವೆ ಅಂತಲೂ 1991ರಲ್ಲಿ ದಾಖಲಾಗಿದೆ. ಭಾರತೀಯ ಸನ್ನೆ ಭಾಷೆಯ 10,000 ಪದಗಳ ವಿಡಿಯೋ ನಿಘಂಟು 2021ರಿಂದ ಉಚಿತವಾಗಿ ಸಿಗುತ್ತಿದೆ. ಹಾಲು, ಅಮ್ಮ, ಇನ್ನೂ ಬೇಕು ಎಂಬ ಸನ್ನೆಗಳಿಂದ ಇವತ್ತೇ ಶುರುಮಾಡಬಹುದು.

ಕಿಟ್ ಕೊಳ್ಳಬಹುದು. ಬಿಲ್ ಹಾಕಿಸುವ ಮುಂಚೆ ಸ್ಟೆಥೊಕ್ಲಿಪ್ ಸೇರಿಸಿಕೊಡಿ ಅಂತ ಕೇಳಿ, ಮೊದಲ ವರ್ಷ ಎಷ್ಟು ಅಚ್ಚು ಸೇರಿದೆ ಎಂಬುದನ್ನು ಬಿಲ್ಲಿನ ಮೇಲೇ ಬರೆಸಿಕೊಳ್ಳಿ.